ದಬ್ಬಳ ಆರಿಸಲು ಹೋದವಳು

ಮನೋಹರಣ್ಣಾ,

ಈ ಚೀಟಿ ಬರೆದಿಟ್ಟು ನಿನ್ನ ತಂಗಿ ದಿವ್ಯಾ ಮೊದಲ ಬಸ್ಸಿಗೇ ಶಿರಸಿಗೆ ಹಾರಿದಳು. ಅವಳು ಹೊಲಿದ ಚರ್ಮದ ಚೀಲಕ್ಕೆ ಗಿರಾಕಿ ಸಿಕ್ಕಿದ್ದಾರೆ, ಇನ್ನೂ ಎರಡು ಬೇಕಂತೆ!

ಹಾಲು ಕಾಸಿಡು. ಚಟ್ನಿ ನೀನೇ ರುಬ್ಬಿಕೋ.

ನೀನು ಚೌಕಾಸಿ ಮಾಡಿ ತಂದ ಥಳಥಳ ಹತ್ಯಾರದ ಸೆಟ್ಟಿನ ದಬ್ಬಳ ಎರಡನೇ ಹೊಲಿಗೆಗೇ ಬಾಗಿತ್ತು, ನೆನಪಿದೆಯಾ? ಈ ಸಲ ಅವಳು ಹೊಳಪಿಗೆ ದುಡ್ಡು ಸುರಿಯುವುದಿಲ್ಲ. ದಬ್ಬಳ, ಕತ್ತಿ, ಬಡಿಯಲು ಮರದ ಕೊಡತಿ, ಮೂರೇ ಸಾಕು. ಅಂಗಡಿಯಲ್ಲೇ ಚರ್ಮಕ್ಕೆ ಚುಚ್ಚಿ, ಕೊಯ್ದು, ಹಿಡಿ ಅಲುಗಾಡದಿರುವುದನ್ನೇ ತರುತ್ತಾಳೆ.

"ತಡಿಯೇ, ನಾನೂ ಬತ್ತೆ, ರೇಟು ಇಳಿಸಿಕೊಡ್ತೆ" ಅಂತ ಹಿಂದೆಯೇ ಓಡಿ ಬರಬೇಡ. ಬರಲಿಕ್ಕೂ ಆಗದು. ಚುಚ್ಚಿ ನೋಡಲು ದಪ್ಪ ಚರ್ಮ ಬೇಕಿತ್ತಲ್ಲ, ನಿನ್ನ ಬಲಗಾಲಿನ ಚಪ್ಪಲಿಯೂ ಅವಳ ಜೊತೆ ಬಸ್ಸು ಹತ್ತಿದೆ.