ಚಾಂದನಿಯ ಕಡಲೆ

ನವೆಂಬರ್ 3, ಬೆಳಿಗ್ಗೆ 6
ಲದ್ದಿ ಬಳಿದು ಹಿತ್ತಲ ಹುಲ್ಲಿಗೆ ಹಾಕಿದೆ. ಹಸಿಯಿದ್ದಾಗಲೇ ಹಾಕಬೇಕು, ಹುಲ್ಲು ಸೊಕ್ಕಿ ಬೆಳೆಯುತ್ತದೆ. ಅದನ್ನೇ ಕೊಯ್ದು ನಮ್ಮ ಕುದುರೆ ಚಾಂದನಿಗೆ ಹಾಕುವುದು. ಆದರೂ ಅದರ ಪಕ್ಕೆಲುಬು ಎಣಿಸಬಹುದು! ಹುಲ್ಲು ನನ್ನ ಕೈಯದು. ಕಡಲೆ ಹಾಕುವವನು ಮೈದುನ ಶಬ್ಬೀರ. ಹಾಗಾದರೆ ಕಡಲೆ ಎಲ್ಲಿಗೆ ಹೋಗುತ್ತಿದೆ? ಯಜಮಾನರು ತೀರಿಕೊಂಡ ಮೇಲೆ ಮನೆ ನಡೆಯುತ್ತಿರುವುದೇ ಮದುವೆ ಮೆರವಣಿಗೆಗೆ ಹೋಗುವ ಈ ಕುದುರೆಯಿಂದ. ಹೀಗೆ ಬಡಕಲಾದರೆ ಯಾವ ಮದುಮಗ ಹತ್ತುತ್ತಾನೆ?

ನವೆಂಬರ್ 5
ಬಾಗಿಲ ಸಂದಿಯಿಂದ ನೋಡಿದೆ. ಕಡಲೆ ಪೂರಾ ಹಾಕಿದ. ನಾನು ನೋಡುತ್ತಿರುವುದು ಗೊತ್ತಾಗಿರಬೇಕು... ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಕಡಲೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಯೇಬಿಟ್ಟೆ.
“ಭಾಬಿ, ಬಾಲ ಗ್ವಾಡಿಗೆ ಉಜ್ಜಾಕತ್ತೈತಿ. ಹೊಟ್ಯಾಗ ಹುಳಾ ಅದಾವ. ಡಾಕ್ಟರ್‌ಗೆ ತೋರಸೋಣು.”
ಕಡಲೆಯ ಮಾತು ತೆಗೆದರೆ ಹುಳದ ಮಾತು. ಬಲು ಜಾಣ!

ನವೆಂಬರ್ 8
ಎಲ್ಲಿಂದಲೋ ಟ್ಯೂಬ್ ತಂದು ಚಾಂದನಿಯ ಬಾಯಿಗೆ ಹಿಡಿದಿದ್ದ. ಹುಳದ ಔಷಧವಂತೆ. ಕಿತ್ತುಕೊಂಡು ಚರಂಡಿಗೆ ಎಸೆದೆ.
“ನನ್ನ ಕುದ್ರಿಗೆ ಏನ್ ವಿಷಾ ಹಾಕಾಕತ್ತಿ? ಕಡ್ಲಿ ಕದ್ದಿದ್ದು ಸಾಲಲಿಲ್ಲೇನು?”
ಓಣಿಗೆಲ್ಲ ಕೇಳಿತು. ಶಬ್ಬೀರ ಹಗ್ಗ ನನ್ನ ಕೈಗಿಟ್ಟು ಮನೆ ಬಿಟ್ಟು ಹೋದ.

ನವೆಂಬರ್ 19
ಇಷ್ಟು ದಿನ ಕಡಲೆ ನಾನೇ ಹಾಕಿದೆ — ಕೈತುಂಬ. ಇನ್ನೂ ಸೊರಗಿದೆ. ಇವತ್ತು ಹೊಟ್ಟೆನೋವಿಗೆ ನೆಲಕ್ಕೆ ಬಿದ್ದು ಹೊರಳಿತು. ಓಡಿಹೋಗಿ ದನದ ಡಾಕ್ಟರನ್ನು ಕರೆದೆ. ಬಂದು ಇಂಜೆಕ್ಷನ್ ಮಾಡಿದರು. ಲದ್ದಿ ಪರೀಕ್ಷೆಗೆ ಒಯ್ದರು.

ನವೆಂಬರ್ 20
ಲದ್ದಿಯ ತುಂಬ ಹುಳದ ಮೊಟ್ಟೆ. ಡಾಕ್ಟರ್ ಹಿತ್ತಲು ನೋಡಿ ಹಣೆ ಬಡಿದುಕೊಂಡರು.
“ಹಸಿ ಲದ್ದಿ ಹಾಕಿ ಅದೇ ಹುಲ್ಲ ತಿನಸ್ತೀರಲ್ರೀ ಅಮ್ಮಾ! ಮರಿಹುಳ ಹುಲ್ಲಿಗೆ ಏರಿ ಮತ್ತ ಹೊಟ್ಟಿಗೇ ಹೋಗ್ತಾವ. ಲದ್ದಿ ದೂರ ತಿಪ್ಪ್ಯಾಗ ಹಾಕಿ ಕೊಳಸ್ರಿ. ತೂಕ ನೋಡಿ ಔಷಧ ಬರದೀನಿ. ಕೊಟ್ಟು ಎರಡು ವಾರಕ್ಕ ಮತ್ತ ಲದ್ದಿ ತೋರಸ್ರಿ.”
ನಾನೇ ತಿನ್ನಿಸಿದೆ. ಕೈಯಾರೆ. ದಿನಾ.

ನವೆಂಬರ್ 21, ಸಂಜೆ
ಚಾಂದನಿ ಔಷಧಕ್ಕೆ ಬಾಯಿ ತೆರೆಯಲಿಲ್ಲ, ಒದೆಯಲು ಬಂತು. ಶಬ್ಬೀರ ಈಗ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಾನೆ. ನಾಚಿಕೆ ಬಿಟ್ಟು ಹೋಗಿ, ಚಾಂದನಿ ಬಿದ್ದದ್ದು ಹೇಳಿ ಕರೆದೆ.
“ಚಾಂದನಿ ಎದ್ದು ನಿಂತಾಳೇನ್ರಿ?” ಅಷ್ಟೇ ಕೇಳಿದ. ಬಂದ. ಕಿವಿ ಸವರಿ ಔಷಧ ಪೂರಾ ನುಂಗಿಸಿದ. ತಪ್ಪಾಯಿತು ಎನ್ನುವ ಬದಲು ಚಹಾ ಕೊಟ್ಟೆ.
ಹೊರಡುವಾಗ ಬಾಗಿಲಲ್ಲಿ ನಿಂತ. ಅಂಗಿಯ ಕಿಸೆ ಹೊರಗೆ ತಿರುವಿ ತೋರಿಸಿದ.
“ಕಡ್ಲಿ ಅದಾವೇನ್ ನೋಡ್ಕೋರಿ ಭಾಬಿ.”
ಬೇಡ ಶಬ್ಬೀರ, ಬೇಡ ಎಂದೆ. ಇನ್ನೊಂದು ಕಿಸೆಗೂ ಕೈ ಹಾಕಿದ. ನಾನು ಅವನ ಕೈ ಹಿಡಿದು ತಡೆದೆ, ಚಾಂದನಿಯ ಕಡಲೆ ಡಬ್ಬಿ ಆ ಕೈಗೇ ಕೊಟ್ಟೆ.