ವ್ಯಾನಿನಲ್ಲಿ ತವರಿಗೆ ಹೊರಟವಳು

ಮಾರ್ಚ್ ೯, ಭಾನುವಾರ

ಈ ಹಳೇ ಕ್ಯಾಂಪರ್ ವ್ಯಾನನ್ನು ಗುಜರಿಗೆ ಹಾಕಿಬಿಡಬೇಕೆಂದು ಬೆಳಿಗ್ಗೆಯೇ ನಿರ್ಧರಿಸಿದ್ದೆ. ತುಕ್ಕು ಕೆರೆದರೆ ತೂತು, ತೂತು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ತುಕ್ಕು. ಇದರ ಚಾಕರಿ ಮಾಡಿ ನನ್ನ ಹುರುಪೇ ಸವೆದುಹೋಗಿದೆ. ಬಣ್ಣ ಬಳಿಯಲೆಂದು ಅದರ ಮಂಚ, ಒಲೆ, ಸಿಂಕುಗಳನ್ನೆಲ್ಲ ಮನೆಯೊಳಗೆ ತಂದಿಟ್ಟಿದ್ದೇನೆ. ಬಣ್ಣ ಮಾತ್ರ ಡಬ್ಬದಲ್ಲೇ ಇದೆ.

ಮಧ್ಯಾಹ್ನ ಹೆಂಡತಿ ಆ ಸಿಂಕನ್ನು ಎಡವಿ ಬಿದ್ದಳು. "ಸಾಕಪ್ಪಾ ಸಾಕು, ನಾನು ಅಮ್ಮನ ಮನೆಗೆ ಹೋಗ್ತೀನಿ!" ಎಂದು ಚೀಲ ಹಿಡಿದು ಹೊರಟವಳು ನೆಟ್ಟಗೆ ಹೋಗಿ ವ್ಯಾನು ಹತ್ತಿ ಕೂತಳು.

"ಬಸ್ಸಿದೆಯಲ್ಲೇ," ಎಂದೆ.

"ಬಸ್ಸು ಯಾಕೆ? ಈ ಸವತಿನ ಇಷ್ಟು ವರ್ಷ ಸಹಿಸ್ಕೊಂಡಿದ್ದೀನಿ. ಇವತ್ತು ಇವಳೇ ನನ್ನ ಅಲ್ಲಿಗೆ ಬಿಟ್ಟು ಬರ್ಲಿ. ಸ್ಟಾರ್ಟ್ ಮಾಡ್ರೀ!"

ತವರಿಗೆ ಹೊರಟ ಹೆಂಡತಿಯನ್ನು ತಡೆಯಲು ಬಾಗಿಲಿಗೆ ಅಡ್ಡ ನಿಂತ ಗಂಡಂದಿರ ಕಥೆ ಕೇಳಿದ್ದೇನೆ. ಕಳಿಸಿಕೊಡಲು ಕೆಟ್ಟು ನಿಂತ ಇಂಜಿನ್ನಿನ ಕೆಳಗೆ ತೂರಿದವನು ನಾನೊಬ್ಬನೇ ಇರಬೇಕು.

ಸ್ವಲ್ಪ ಹೊತ್ತಿಗೆ ಅವಳೂ ಇಳಿದು ಬಂದಳು. ಬೈಯುತ್ತಲೇ ಟಾರ್ಚು ಹಿಡಿದಳು, ಬೈಯುತ್ತಲೇ ಸ್ಪ್ಯಾನರ್ ಕೊಟ್ಟಳು. ಸಂಜೆ ಹೊತ್ತಿಗೆ ಇಂಜಿನ್ನು ಮುದುಕನಂತೆ ಕೆಮ್ಮಿ, ಕ್ಯಾಕರಿಸಿ, ಗುಡುಗಿತು. ಇಬ್ಬರೂ ಮಕ್ಕಳ ಹಾಗೆ ಕೂಗಿಕೊಂಡೆವು. ಇದನ್ನು ರಿಪೇರಿ ಮಾಡಿದ್ದು ಯಾತಕ್ಕೆಂಬುದು ಆಮೇಲೆ ನನಗೆ ನೆನಪಾಯಿತು.

"ಹೊರಡೋಣವಾ, ಅಮ್ಮನ ಮನೆಗೆ?"

"ಬ್ರೇಕು?"

"ಬಿಚ್ಚಿಟ್ಟಿದ್ದೀನಿ ಕಣೆ."

ಅವಳು ಸೆರಗಿಗೆ ಗ್ರೀಸು ಒರೆಸಿಕೊಂಡಳು. "ಬ್ರೇಕಿಲ್ಲದ ಗಾಡೀಲಿ ಯಾರ್ರೀ ಹೋಗ್ತಾರೆ? ಮೊದ್ಲು ಅದಾಗ್ಲಿ. ಹಾಗೇ ಆ ಬಣ್ಣಾನೂ ಬಳೀರಿ. ಇಂಥಾದ್ರಲ್ಲಿ ಹೋಗಿ ಇಳಿದ್ರೆ ಅಮ್ಮನ ಎದುರು ನನ್ನ ಮರ್ಯಾದೆ ಏನಾಗ್ಬೇಕು?"

ಗುಜರಿಯ ಮಾತು ನಾನು ಎತ್ತಲೇ ಇಲ್ಲ. ನಾಳೆ ಬ್ರೇಕಿಗೆ ಕೈ ಹಾಕಬೇಕು. ಬೇಗ ಮುಗಿಸುವುದೋ, ನಿಧಾನಕ್ಕೆ ಮುಗಿಸುವುದೋ, ಅದೊಂದು ಮಾತ್ರ ಇನ್ನೂ ನಿರ್ಧರಿಸಿಲ್ಲ.