ಹೆಗಲ ಮೇಲೆ ಅರ್ಧ ಪಾದ

ಸೋಲಾಪುರ
೨೧ ನವೆಂಬರ್ ೨೦೨೪, ಗುರುವಾರ ಮಧ್ಯಾಹ್ನ

ಪ್ರೀತಿಯ ನಿಲೇಶನಿಗೆ ಅವ್ವನ ಆಶೀರ್ವಾದ.

ಹೊಟ್ಟೆ ಹೇಗಿದೆಯಪ್ಪಾ? ಇಂದೂರಿಗೆ ಚಾದರ ಮಾರಲು ಹೋದವನು ದಿನಾ ಜಿಲೇಬಿಯ ಫೋಟೋ ಕಳಿಸುತ್ತೀ, ಗಿರಾಕಿಯ ಫೋಟೋ ಒಂದೂ ಬಂದಿಲ್ಲ ಎಂದು ನಿಮ್ಮಪ್ಪ ಗೊಣಗುತ್ತಿದ್ದಾರೆ. ಅಲ್ಲಿ ಚಳಿ ಬಿದ್ದಿರಬೇಕು. ಮಾರುವ ಚಾದರಗಳಲ್ಲಿ ಒಂದನ್ನು ನೀನೇ ಹೊದ್ದುಕೋ, ನೋಡಿದವರಿಗೂ ನಂಬಿಕೆ ಬರುತ್ತದೆ. ಇಲ್ಲಿ ಎಲ್ಲರೂ ಆರಾಮ. ಹಾಗೆ ಬರೆಯುವುದು ಪದ್ಧತಿ, ಅದಕ್ಕೆ ಬರೆದೆ. ಫೋನಿರುವಾಗ ಪತ್ರವೇಕೆ ಎನ್ನಬೇಡ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಹೆಂಡತಿ ಪಕ್ಕದಲ್ಲೇ ನಿಂತಿರುತ್ತಾಳೆ, ನಾನು ಹೇಳಬೇಕಾದದ್ದು ಅವಳದೇ ಮಾತು. ಸಾರಿಕಾ ಮರಾಠಿ ಸಾಲಿಯಲ್ಲಿ ಕಲಿತವಳು, ನನ್ನ ಕನ್ನಡ ಅಕ್ಷರ ಮೇಜಿನ ಮೇಲೆ ಬಿದ್ದಿದ್ದರೂ ಅವಳಿಗೆ ರಂಗೋಲಿಯೇ. ನೀನೂ ಅಕ್ಷರ ಕೂಡಿಸಿ ಕೂಡಿಸಿ ಓದುವವನು. ಓದು, ಅವಸರ ಮಾಡಬೇಡ. ನಾಳೆ ನಮ್ಮ ಅಂಗಡಿಯ ತುಕಾರಾಮ ಚಾದರಿನ ಗಂಟು ತೆಗೆದುಕೊಂಡು ನಿನ್ನ ಕಡೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ನನ್ನ ಸಕ್ಕರೆ ಏರಿದ್ದು ನಿನಗೆ ಗೊತ್ತು. ಡಾಕ್ಟರು ಬರ್ಫಿ ಬಿಡಿಸಿದರು, ನಿನ್ನ ಹೆಂಡತಿ ಬರ್ಪಿ ಹಿಡಿಸಿದಳು. ಬರ್ಪಿ ಎಂದರೆ ನಿಂತವರು ಕೂತು, ಕೂತವರು ಬೋರಲು ಬಿದ್ದು, ಬಿದ್ದವರು ಎದ್ದು, ಎದ್ದ ತಪ್ಪಿಗೆ ಜಿಗಿಯುವುದು. ಮೊದಲು ಬರೀ ನಡಿಗೆ ಅಂದಿದ್ದಳು. ಈಗ ಮೈದಾನದ ಒಂದು ಸುತ್ತು ಓಡಿ ಬಂದು ಅದೇ ಏದುಸಿರಿನಲ್ಲಿ ಬೈಠಕ್, ಮತ್ತೊಂದು ಸುತ್ತು ಓಡಿ ದಂಡ, ಇನ್ನೊಂದು ಸುತ್ತು ಓಡಿ ಕಬ್ಬಿಣದ ಸಲಾಕೆಗೆ ಬಾವಲಿಯಂತೆ ಜೋತು ಬೀಳುವುದು. ಕಲಿಸುವವನು ಯೋಗಿರಾಜ ಅಂತ, ನಿನ್ನ ವಾರಗೆಯ ಹುಡುಗ. “ಬರೇ ಓಡಾವ ಗ್ವಾಡಿ ಮುಂದ ಸೋಲ್ತಾನ್ರಿ ಕಾಕೂ, ಬರೇ ರಟ್ಟಿ ಬೆಳಸಿದಾವ ಗ್ವಾಡಿ ಮುಟ್ಟೂದ್ರಾಗ ಸೋಲ್ತಾನ. ದಣದ ಮೈಯಾಗೇ ದಂಡ ಹೊಡೀಬೇಕು” ಎನ್ನುತ್ತಾನೆ. ಊರ ಹೆಸರಿನಲ್ಲೇ ಸೋಲು ಇಟ್ಟುಕೊಂಡವರಿಗೆ ಎಂಥ ಉಪದೇಶ ನೋಡು.

ಇದೆಲ್ಲ ಡಿಸೆಂಬರ್ ಹದಿನೈದಕ್ಕೆ ಅಕ್ಕಲಕೋಟ ರಸ್ತೆಯ ಹೊಲವೊಂದರಲ್ಲಿ ನಡೆಯುವ ಅಡೆತಡೆ ಓಟಕ್ಕಾಗಿ. ಒಂದೇ ಮನೆಯ ಇಬ್ಬರು ಒಂದು ಜೋಡಿ. ಕೆಸರಿನಲ್ಲಿ ತೆವಳಬೇಕು, ಟಾಯರು ದಾಟಬೇಕು, ನಡುನಡುವೆ ಓಡಬೇಕು, ಕಡೆಗೆ ಒಂದು ಎತ್ತರದ ಗೋಡೆ ಹತ್ತಬೇಕು. ಅತ್ತೆ ಸೊಸೆ ಎಂದು ಹೆಸರು ಬರೆಸಿದಾಗ ಆ ಬರೆದುಕೊಳ್ಳುವವನು, “ಅಡೆತಡೆ ಮನಿಯಿಂದನೇ ತಂದೀರೇನ್ರಿ?” ಎಂದು ನಕ್ಕ. ನಗಲಿ. ಮದುವೆಗೆ ಮುಂಚೆ ದುಧನಿಯಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿ ನಮ್ಮ ಮನೆಗೆ ಬಂದ ಮೇಲೆ ಬಾಯಿಬಿಟ್ಟು ಬೇಡಿದ್ದು ಇದೊಂದನ್ನೇ.

ನನಗೆ ಅಂಜಿಕೆ ಹತ್ತಿದ್ದು ಆ ಗೋಡೆಯಿಂದ. ಅಭ್ಯಾಸಕ್ಕೆ ನಾಗಣಸೂರಿನ ನಮ್ಮ ಹೊಲಕ್ಕೆ ಹೋಗುತ್ತೇವೆ, ದನದ ಕೊಟ್ಟಿಗೆಯ ಹಿಂಗೋಡೆ ಸರಿಯಾಗಿ ಅಷ್ಟೇ ಎತ್ತರ. ಹೊಲ ನೋಡಿಕೊಳ್ಳುವ ಮುಕ್ತಾಬಾಯಿ ಮೊದಲ ದಿನ ನಮ್ಮನ್ನು ನೋಡಿ ಗಾಬರಿಯಾಗಿ, “ಕೀಲಿ ಕಳದದೇನ್ರಿ ಅಕ್ಕಾರ? ಬಾಗಲಾ ಈ ಕಡಿ ಅದ ನೋಡ್ರಿ!” ಎಂದು ಕೂಗಿದಳು. ಪದ್ಧತಿ ಹೀಗೆ: ನಾನು ಗೋಡೆಗೆ ಕೈ ಊರಿ ಬಗ್ಗಿ ನಿಲ್ಲಬೇಕು, ಸಾರಿಕಾ ನನ್ನ ಹೆಗಲ ಮೇಲೆ ಕಾಲಿಟ್ಟು ಹತ್ತಿ, ಮೇಲೆ ಕೂತು ನನ್ನನ್ನು ಎಳೆದುಕೊಳ್ಳಬೇಕು. ನಾನು ಮೊದಲು ಹತ್ತಿದರೆ ಅವಳನ್ನು ಎಳೆಯುವಷ್ಟು ತೋಳಬಲ ನನ್ನಲ್ಲಿಲ್ಲ. ಆದರೆ ಅತ್ತೆಗೆ ಕಾಲು ತಾಗಿಸುವುದು ಹೇಗೆ? ಮೊದಲ ಸಲ ಹೆಗಲಿಗೆ ಬೆರಳು ತಾಗಿದ್ದೇ ತಡ, ಕೆಳಗೆ ಜಿಗಿದು ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎರಡನೆಯ ಸಲವೂ ಅದೇ. ಯೋಗಿರಾಜ ಕೈಯಲ್ಲಿದ್ದ ಗಡಿಯಾರ ನಿಲ್ಲಿಸಿ ತಲೆ ಹಿಡಿದುಕೊಂಡು ಕೂತ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. “ನನ್ನ ಹೆಗಲೇನು ಗುಡಿ ಹೊಸ್ತಿಲೇನ, ತುಳೀದಂಗ ದಾಟಾಕ?” ಎಂದೆ. ಆಮೇಲೆ ನಮಸ್ಕಾರ ಬಿಟ್ಟಳು, ಆದರೆ ಕಾಲು ಊರುವುದು ಮಾತ್ರ ಕಲಿಯಲಿಲ್ಲ. ಬರೀ ಬೆರಳ ತುದಿ ಇಡುತ್ತಾಳೆ. “ನಿಮ್ಮ ಮ್ಯಾಲ ವಜ್ಜಿನೇ ಬೀಳವಲ್ದು ಕಾಕೂ, ಅಕಿ ಗಾಳಿ ಮ್ಯಾಲ ನಿಂತಾಳ” ಎಂದ ಯೋಗಿರಾಜ.

ಹೋದ ಭಾನುವಾರ ಆ ಗಾಳಿ ಕೈಬಿಟ್ಟಿತು. ಬೆರಳು ಜಾರಿತು, ಅವಳ ಕಾಲು ನನ್ನ ಕಿವಿ ಸವರಿಕೊಂಡು ಹೋಯಿತು, ಹಿಂದಕ್ಕೆ ಬಿದ್ದಳು. ದನಕ್ಕೆ ನೀರು ಕುಡಿಸುವ ಕಲ್ಲಿನ ಡೋಣಿ ಗೊತ್ತಲ್ಲ, ಅದರ ಅಂಚಿಗೂ ಅವಳ ತಲೆಗೂ ನಡುವೆ ನನ್ನ ಒಂದು ಅಂಗೈ ಹಿಡಿಯುವಷ್ಟು ಜಾಗವಿತ್ತು. ಬೀಳುವಾಗ “ಅವ್ವಾ!” ಎಂದು ಚೀರಿದಳು. ಆ ಕೂಗು ದುಧನಿಯ ಅವ್ವನಿಗೋ ನನಗೋ ತಿಳಿಯದು, ಓಡಿದ್ದಂತೂ ನಾನು. ಕಣ್ಣು ಬಿಟ್ಟಳು, ಎದ್ದು ಕೂತಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ನೋಡಿಕೊಳ್ಳುವ ಮೊದಲು ಬಗ್ಗಿ ನನ್ನ ಪಾದ ಮುಟ್ಟಿದಳಪ್ಪಾ, ಕಿವಿಗೆ ಕಾಲು ತಾಗಿತ್ತಲ್ಲ, ಅದಕ್ಕೆ! ಆಗ ನನಗೆ ನಗು ಬರಲಿಲ್ಲ.

ಅಂದಿನಿಂದ ಭಕ್ಕರಿ ತಟ್ಟಲು ಕೂತರೂ ಆ ಡೋಣಿಯ ಅಂಚು ಕಾಣುತ್ತದೆ. ಬೈದು ನೋಡಿದೆ, ಬೈದಷ್ಟೂ ಅವಳ ಮರ್ಯಾದೆ ಹೆಚ್ಚಾಗುತ್ತದೆ. “ಪೂರಾ ಕಾಲಿಡವ್ವ” ಎಂದರೆ “ಹೂಂ ರೀ ಅತ್ತಿ” ಎನ್ನುತ್ತಾಳೆ, ಮತ್ತೆ ಬೆರಳ ತುದಿ. ಓಟವೇ ಬೇಡ ಎಂದುಬಿಡಲೇ? ಹಾಗಂದರೆ ಮುಖ ಸಣ್ಣದು ಮಾಡದೆ ಅದಕ್ಕೂ “ಹೂಂ ರೀ ಅತ್ತಿ” ಎಂದಾಳು. ಮರುದಿನ ಮುಂಜಾನೆ ಆ ಓಡುವ ಬೂಟುಗಳನ್ನು ಒರೆಸಿ ಮಾಳಿಗೆಯ ಮೇಲಿಟ್ಟಾಳು, ಮತ್ತೆಂದೂ ಏನೂ ಬೇಡಲಾರಳು. ಅದೂ ಒಂದು ಬೀಳುವುದೇ ತಾನೆ? ಹೀಗಾಗಿ ಬಾಯಿ ಮುಚ್ಚಿಕೊಂಡು ಬರ್ಪಿ ಹೊಡೆಯುತ್ತಿದ್ದೇನೆ. ಜೀವನವಿಡೀ ಎಲ್ಲರ ಬಾಯಿ ಮುಚ್ಚಿಸಿದ ನಿನ್ನ ಅವ್ವ!

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪನ ಆಶೀರ್ವಾದ ಸದ್ಯ ಅಂಗಡಿಯಲ್ಲಿದೆ, ಮನೆಗೆ ಬಂದ ಕೂಡಲೇ ಕಳಿಸುತ್ತೇನೆ. ಸಿದ್ಧರಾಮ ನಿನ್ನನ್ನು ಕಾಯಲಿ.

ನಿನ್ನ ಅವ್ವ
ಅಕ್ಕನಾಗಮ್ಮ

ತಾ.ಕ.: ಪಾಕೀಟು ಅಂಟಸೂದ್ರಾಗ ಸಾರಿಕಾ ಚಾ ತಂದಳು. ತಡಕೊಳ್ಳಾಕ ಆಗಲಿಲ್ಲ, ಯಾಕವ್ವ ಕಾಲು ಊರವಲ್ಲಿ ಅಂತ ಕೇಳೇಬಿಟ್ಟೆ. ತಲಿ ತಗ್ಗಿಸಿ ಅಂತಾಳ, “ಅವರು ಹೋಗೂ ದಿನ ಸ್ಟೇಶನ್ನಿನಾಗ ಹೇಳ್ಯಾರ್ರಿ, ಅವ್ವನ ಹೆಗಲು ಹೋದ ವರ್ಷದಿಂದ ನೋಯ್ತದ, ಜ್ವಾಕಿ ಅಂತ.” ನೋಡು, ನೀ ಹಾಕಿದ ಗಂಟು! ಹೆಗಲು ಎಂದೋ ಸುಧಾರಿಸ್ಯದ, ನಾ ಹೇಳಿದ್ರ ನಂಬವಲ್ಲಳು. ಕಾಗದ ಮುಟ್ಟಿದ ಕೂಡ್ಲೆ ಫೋನ್ ಮಾಡು, ನನಗಲ್ಲ, ಅಕಿಗಿ. ಪೂರಾ ಪಾದ ಇಡು, ಪೂರಾ ವಜ್ಜಿ ಹಾಕು ಅಂತ ನಿನ್ನ ಬಾಯಿಲೇ ಹೇಳು. ನನ್ನ ಹೆಗಲು ನೊಂದ್ರ ಎಣ್ಣಿ ಹಚ್ಚಾಕ ಅಕಿ ಅದಾಳ. ಅಕಿ ಬಿದ್ರ ನನಗ್ಯಾರದಾರಪಾ?